ತೊಳೆದ ಟ್ಯಾಂಕಿಗೆ ಮತ್ತೆ ಕೆಸರು

ಮಗಳನ್ನು ನನ್ನ ತಮ್ಮನಿಗೇ ಕೊಟ್ಟಿದ್ದೇನೆ. ಹಾಗಾಗಿ ನಾವು ಮೂವರೂ ಇರುವ ತುಮಕೂರಿನ ಮನೆಯಲ್ಲಿ ನಾನು ಅಕ್ಕನೂ ಹೌದು, ಅತ್ತೆಯೂ ಹೌದು. ಅತ್ತೆಯಾಗಿ ಅಳಿಯನಿಗೆ ಮರ್ಯಾದೆ ಕೊಡಬೇಕಾದ ಕಡೆ ಅಕ್ಕನಾಗಿ ಬೈಯುತ್ತೇನೆ. ಅವನಿಗೂ ಅಭ್ಯಾಸವಾಗಿದೆ.

ಅವನು ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದು ರಿಟೈರಾದವನು. ರಿಟೈರಾದವರು ಮಠಕ್ಕೆ ಹೋಗುತ್ತಾರೆ, ವಾಕಿಂಗ್ ಹೋಗುತ್ತಾರೆ. ಇವನು ಯುದ್ಧದ ಟ್ಯಾಂಕು ಮಾಡಲು ಕೂತ. ನಿಜವಾದದ್ದಕ್ಕಿಂತ ಮೂವತ್ತೈದು ಪಟ್ಟು ಚಿಕ್ಕದು, ಒಂದು ಗೇಣು ಉದ್ದ. ಪ್ಲಾಸ್ಟಿಕ್ ತುಂಡುಗಳು ಡಬ್ಬಿಯಲ್ಲಿ ಬರುತ್ತವೆ, ಅಂಟಿಸಿದರೆ ಟ್ಯಾಂಕು. ಅಷ್ಟಕ್ಕೇ ನಿಲ್ಲಿಸಿದ್ದರೆ ನನ್ನದೇನೂ ತಕರಾರಿರಲಿಲ್ಲ.

ಹಿಂದಿನ ವರ್ಷ ಕ್ಯಾತ್ಸಂದ್ರದ ಒಂದು ಹಾಲ್‌ನಲ್ಲಿ ಇಂಥವರೆಲ್ಲ ಸೇರಿ ಪ್ರದರ್ಶನ ಇಟ್ಟಿದ್ದರು. ಇಂಥವರು ಇನ್ನೂ ಇದ್ದಾರೆ ಎಂಬುದೇ ನನಗೆ ಆಶ್ಚರ್ಯ. ಮಾರ್ಕ್ಸ್ ಹಾಕುವ ದಪ್ಪ ಕನ್ನಡಕದವರು ಇವನ ಟ್ಯಾಂಕು ನೋಡಿ, "ಆಟದ ಸಾಮಾನಿನ ಹಾಗಿದೆ" ಅಂದುಬಿಟ್ಟರಂತೆ. ಅವತ್ತು ಊಟ ಬಿಟ್ಟ. ನಮ್ಮಪ್ಪ ಸತ್ತ ದಿನವೂ ಉಂಡವನು.

ಆ ಛಲಕ್ಕೆ ಈ ವರ್ಷ ಟ್ಯಾಂಕಿಗೆ ನಿಜವಾದದ್ದರ ಮೈ ಬರಿಸುವ ಕೆಲಸ ಶುರುವಾಯಿತು. ಎರಕದ ಕಬ್ಬಿಣ ತರಿತರಿಯಾಗಿರಬೇಕಂತೆ. ನನ್ನ ಪೌಡರ್ ಡಬ್ಬಿ ಖಾಲಿ ಮಾಡಿ, ಪೌಡರನ್ನು ಅಂಟಿನಲ್ಲಿ ಕಲಸಿ, ಹಳೆಯ ಟೂತ್‌ಬ್ರಷ್‌ನಿಂದ ಟ್ಯಾಂಕಿನ ಮೇಲೆ ತೋಪು ಕೂರುವ ಗೂಡಿಗೆ ಚುಚ್ಚಿ ಚುಚ್ಚಿ ಹಚ್ಚಿದ. ಆಮೇಲೆ ತುಕ್ಕಿನ ಬಣ್ಣ ಬಳಿದು, ಅದರ ಮೇಲೆ ಉಪ್ಪು ಉದುರಿಸಿ, ಅದರ ಮೇಲೆ ಹಸಿರು ಬಳಿದ. ಒಣಗಿದ ಮೇಲೆ ಉಪ್ಪನ್ನು ಕೆರೆದರೆ ಅಲ್ಲಲ್ಲಿ ಹಸಿರು ಎದ್ದು ತುಕ್ಕು ಕಂಡಿತು.

"ಇದೇನ್ಲಾ, ಹೊಸದಕ್ಕೆ ಕಜ್ಜಿ ಹಿಡಿಸ್ತಿದೀಯ?" ಅಂದೆ.

"ಕಜ್ಜಿ ಅಲ್ಲ ಕಣಕ್ಕ, ವಯಸ್ಸು ಬರಿಸ್ತಿದೀನಿ."

"ಉಪ್ಪು ಯಾಕ್ಲಾ ದಂಡ? ನನ್ ಪಕ್ಕ ಕೂರ್ಸು, ತಾನಾಗೇ ಬತ್ತದೆ."

ಕೊನೆಗೆ ಕೆಸರು. ಬಣ್ಣದ ಕೆಸರು ಬೇಡವೆಂದು ಕುಣಿಗಲ್ ಕಡೆಯ ನಮ್ಮ ಹೊಲದ ಕೆಮ್ಮಣ್ಣು ತಂದು, ಬಿಳಿ ಅಂಟಿನಲ್ಲಿ ಕಲಸಿ, ಚಕ್ರ ಸುತ್ತುವ ಚೈನಿಗೆಲ್ಲ ಮೆತ್ತಿದ. ಎಲ್ಲ ಸೇರಿ ನಾಲ್ಕು ತಿಂಗಳು ಹಿಡಿಯಿತು. ಈ ವರ್ಷದ ಪ್ರದರ್ಶನ ಭಾನುವಾರ. ಆಯುಧಪೂಜೆ ಅದಕ್ಕೆ ಮೂರು ದಿನ ಮೊದಲು ಬಂತು.

ಹಬ್ಬದ ಬೆಳಿಗ್ಗೆ ಅವನು ಬಾಳೆಕಂದು ತರಲು ಗುಬ್ಬಿಯ ಗೆಳೆಯನ ತೋಟಕ್ಕೆ ಹೋದ. ಮಗಳು ಸ್ಕೂಟರ್ ತೊಳೆದಳು. ನಾನು ಈಳಿಗೆಮಣೆ, ಕುಡುಗೋಲು, ಅವನ ಸ್ಪ್ಯಾನರುಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟೆ. ಮೇಜಿನ ಮೇಲೆ ಟ್ಯಾಂಕು ಕಂಡಿತು, ಮೈತುಂಬ ಕೆಸರು. ಅದು ಗಾಡಿಯೂ ಹೌದು, ಆಯುಧವೂ ಹೌದು. ಅವತ್ತಿನ ಪೂಜೆಗೆ ಅದಕ್ಕಿಂತ ಹೆಚ್ಚಿನ ಹಕ್ಕು ಯಾವುದಕ್ಕಿದೆ? ಕೊಳೆ ಗಾಡಿಗೆ ಕುಂಕುಮ ಇಡುವ ವಂಶ ನಮ್ಮದಲ್ಲ. ಬೇಕಾದರೆ ಹಬ್ಬ ಕಳೆದ ಮೇಲೆ ಮತ್ತೆ ಮೆತ್ತಿಕೊಳ್ಳಲಿ, ಊರಲ್ಲಿ ಮಣ್ಣೇನು ಮುಗಿದಿದೆಯೇ ಎಂದುಕೊಂಡೆ. ಬಿಸಿನೀರಲ್ಲಿ ಮುಳುಗಿಸಿ ತೆಂಗಿನ ನಾರಿನಿಂದ ಉಜ್ಜಿದೆ. ಕೆಸರೂ ಹೋಯಿತು, ತುಕ್ಕೂ ಹೋಯಿತು. ಹಣೆಗೆ ಮೂರು ಪಟ್ಟೆ ವಿಭೂತಿ, ಕುಂಕುಮ, ತೋಪಿನ ಮೂತಿಗೆ ಒಂದು ಸೇವಂತಿಗೆ. ಚಕ್ರದಡಿಗೆ ಇಡಲು ನಿಂಬೆಹಣ್ಣು ದೊಡ್ಡದಾಯಿತು. ಎರಡು ಹಸಿ ಬಟಾಣಿ ಇಟ್ಟೆ.

ಬಂದವನು ಬಾಳೆಕಂದು ಹಿಡಿದಂತೆಯೇ ನಿಂತುಬಿಟ್ಟ.

"ಯಾರು ತೊಳೆದೋರು?"

"ನಾನೇ. ಈ ಮನೇಲಿ ಇನ್ಯಾರು ತೊಳೀತಾರೆ?"

"ಭಾನುವಾರ ಕಣಕ್ಕ. ನಾಲ್ಕ್ ತಿಂಗ್ಳು ಕಣಕ್ಕ."

"ಹಬ್ಬ ಇವತ್ತು ಕಣ್ಲಾ."

ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಕೂತು ಚಕ್ರದಡಿಯ ಬಟಾಣಿಗಳನ್ನು ಒಂದೊಂದಾಗಿ ತೆಗೆದಿಟ್ಟ. ಮಗಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅವ್ವ, ಒಬ್ಬಟ್ಟು ಮುಟ್ತಿಲ್ಲ. ಈ ಸಲಾನೂ ಆಟದ್ ಸಾಮಾನು ಅನ್ನಿಸ್ಕಂಡು ಬಂದ್ರೆ ವರ್ಷಪೂರ್ತಿ ಆ ಮುಖ ನೋಡೋಳು ನಾನು. ಕೆಡಿಸ್ದೋಳು ನೀನು, ನೀನೇ ಸರಿ ಮಾಡ್ಕೊಡು."

ಮರುದಿನ ಅವನೇ ತುಕ್ಕು, ಬಣ್ಣ ಸರಿಮಾಡಿಕೊಂಡ. ಕೆಸರು ಮಾತ್ರ ಕೂರಲಿಲ್ಲ. ಅವಸರಕ್ಕೆ ಮೆತ್ತಿದ್ದು ಒಣಗಿ ಹಪ್ಪಳದಂತೆ ಎದ್ದುಬಂತು. ಶನಿವಾರ ಬೆಳಿಗ್ಗೆ "ಸರಿ ಅತ್ಲಾಗೆ" ಎಂದು ನಾನೇ ಕೂತೆ.

ನಮ್ಮಲ್ಲಿ ಹೊಸ ಮೊರ ತಂದರೆ ಹಾಗೇ ಬಳಸುವುದಿಲ್ಲ. ನೆನೆಸಿದ ಮೆಂತ್ಯಕ್ಕೆ ಹಳೆಯ ಕಾಗದ ಸೇರಿಸಿ ನುಣ್ಣಗೆ ರುಬ್ಬಿ, ಬಿದಿರಿನ ಸಂದಿಗೆಲ್ಲ ಸಾರಿಸುತ್ತೇವೆ. ಒಣಗಿದರೆ ಬಿರಿಯುವುದಿಲ್ಲ, ಉದುರುವುದಿಲ್ಲ. ಅದನ್ನೇ ರುಬ್ಬಿ ಕೆಮ್ಮಣ್ಣು ಕಲಸಿದೆ. ಹೆಬ್ಬೆರಳಲ್ಲಿ ಒಂದಿಷ್ಟು ತೆಗೆಯುವಷ್ಟರಲ್ಲಿ ಅವನು ಕೂಗಿಕೊಂಡ.

"ಸ್ಕೇಲು ಅಕ್ಕ, ಸ್ಕೇಲು! ಇದು ಮೂವತ್ತೈದು ಪಟ್ಟು ಚಿಕ್ಕದು. ಆ ಮಣ್ಣಲ್ಲಿರೋ ಒಂದ್ ಮರಳಿನ್ ಕಾಳು ಇಲ್ಲಿ ಬಂಡೆ ಆಯ್ತದೆ. ಬಂಡೆ ಹೊತ್ಕಂಡು ಯಾವ ಟ್ಯಾಂಕು ಓಡ್ತದೆ?"

ಮಾತು ನ್ಯಾಯವಾಗಿತ್ತು. ಮಣ್ಣನ್ನು ಹಳೆಯ ವಾಯಿಲ್ ಸೀರೆಯಲ್ಲಿ ಸೋಸಿ ಮತ್ತೆ ಕಲಸಿ, ಈ ಸಲ ಹೇರ್‌ಪಿನ್ನಿನ ತುದಿಯಲ್ಲಿ ಹಚ್ಚಿದೆ. ಅವನು ಎಲ್ಲ ಕಡೆ ಸಮ ಹಚ್ಚು ಎಂದು ಪಕ್ಕದಲ್ಲಿ ನಿಂತು ಹೇಳಿಕೊಡಲು ಬಂದ.

"ಮಳೇಲಿ ಚೇಳೂರಿಂದ ಬಂದ ಗಾಡಿ ತೊಳೆದಿದೀಯೇನ್ಲಾ ಯಾವತ್ತಾದ್ರೂ? ನಾನ್ ತೊಳೆದಿದೀನಿ. ಕೆಳಗೆ ಮುದ್ದೆ, ಅದ್ರ ಮೇಲೆ ಸಿಡಿದಿದ್ದು, ಇನ್ನೂ ಮೇಲೆ ಬರೀ ಧೂಳು. ಸಂದೀಲಿ ಒಣಗದೆ ಕಪ್ಪಗಿರ್ತದೆ. ನೆಲ ಉಜ್ಜೋ ಕಡೆ ಕಬ್ಬಿಣ ಥಳಥಳ ಅಂತದೆ. ಸಮವಾಗಿ ಬಳಿಯಕ್ಕೆ ಇದೇನು ಸುಣ್ಣವೇನ್ಲಾ?"

ಐವತ್ತು ವರ್ಷ ಕೆಸರು ತೆಗೆದವಳಿಗೆ ಅದು ಎಲ್ಲೆಲ್ಲಿ ಕೂರುತ್ತದೆಂದು ಗೊತ್ತಿರದೇ? ಅವನು ಕುರ್ಚಿ ಎಳೆದುಕೊಂಡು ನೋಡತೊಡಗಿದ. ಜಗಳ ಮತ್ತೆ ಬಂದದ್ದು ವಿಭೂತಿಗೆ, ಕುಂಕುಮ ತಾನಾಗೇ ಉದುರಿಹೋಗಿತ್ತು. ಬಣ್ಣ ಹಚ್ಚುವಾಗಲೇ ಅದನ್ನು ಅಳಿಸಲು ನಾನು ಬಿಟ್ಟಿರಲಿಲ್ಲ. ಈಗ ಒದ್ದೆ ಬಟ್ಟೆ ತಂದ.

"ಪೂಜೆ ಆಗಿರೋ ಗಾಡಿದು ವಿಭೂತಿ ಕೈಯಾರೆ ಒರೆಸ್ತಾರೇನ್ಲಾ? ತಾನಾಗೇ ಹೋಗ್ಬೇಕು."

"ಅದು ರಷ್ಯಾ ಟ್ಯಾಂಕು ಕಣಕ್ಕ!"

"ನಮ್ಮನೇಗೆ ಬಂದ್ಮೇಲೆ ಎಂಥ ರಷ್ಯಾ, ಬುಡು."

ಭಾನುವಾರ ನಾನೂ ಹೋದೆ. ಅದೇ ದಪ್ಪ ಕನ್ನಡಕದವರು ಬಂದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿ ನೋಡಿದರು. ಅವರು ಮೂಸಿಯೂ ನೋಡಿದರು.

"ಈ ಕೆಸರು ಯಾವ ಕಂಪನಿದು ಸರ್? ಮೆಂತ್ಯದ ವಾಸನೆ ಬರುತ್ತಲ್ಲ."

ಅವನು ನನ್ನ ಮುಖ ನೋಡಿದ. "ಮೊರಕ್ಕೆ ಸಾರ್ಸೋದು," ಅಂದೆ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

"ಈಗ ತಾನೆ ಹೊಲದಿಂದ ಎದ್ದು ಬಂದ ಹಾಗಿದೆ. ಆದರೆ ಮುಂದೆ ಈ ಮೂರು ಬಿಳಿ ಪಟ್ಟೆ ಯಾವ ದಳದ ಗುರುತು?"

"ಗುರುತಲ್ಲ ಸ್ವಾಮಿ, ವಿಭೂತಿ," ನಾನೇ ಅಂದೆ.

ಅದಕ್ಕೆ ಮಾರ್ಕ್ಸ್ ಕಳೆದರು. ಎರಡನೇ ಬಹುಮಾನ ಬಂತು. ಆಟದ ಸಾಮಾನು ಎಂದು ಯಾರೂ ಅನ್ನಲಿಲ್ಲ. ಹೊರಗೆ ಬಂದವನೇ ಎದುರಿನ ಹೋಟೆಲಿಗೆ ನುಗ್ಗಿ ನಾಲ್ಕು ತಟ್ಟೆ ಇಡ್ಲಿ ತಿಂದ. ಕೈ ತೊಳೆದ ಮೇಲೆ ಅವನಿಗೆ ಕೈತಪ್ಪಿದ ಮೊದಲನೇ ಬಹುಮಾನ ನೆನಪಾಯಿತು.

"ಮುಂದಿನ್ ವರ್ಷ ಹಬ್ಬದ್ ದಿನ ಬೀರುವಿಗೆ ಹಾಕಿ ಬೀಗ ಜಡೀತೀನಿ, ನೋಡ್ತಿರು."

"ಜಡಿ. ಬೀಗಾನೂ ಕಬ್ಬಿಣಾನೇ. ಅವತ್ತು ಅದಕ್ಕೂ ಪೂಜೆ ಐತೆ, ಬೀಗದ ಕೈ ನಂಗೇ ಕೊಡ್ಬೇಕು."