ತಿರುವಿನಲ್ಲಿ ಮಾತ್ರ ಸಿಗುವ ಸಿಗ್ನಲ್

ಭಾನುವಾರ ನಮ್ಮನ್ನು ಸಕಲೇಶಪುರದ ಮೊಬೈಲ್ ಅಂಗಡಿಯಲ್ಲಿ ಕೂರಿಸದೆ ಎಸ್ಟೇಟುಗಳ ಕಡೆ ಕಳಿಸುತ್ತಿದ್ದರು. ಹೊಂಗಡಹಳ್ಳದ ಹತ್ತಿರ ರಸ್ತೆ ತಿರುಗುವಲ್ಲಿ ಕಂಪನಿಯ ದೊಡ್ಡ ಛತ್ರಿ ನೆಟ್ಟು, ಮಡಚುವ ಮೇಜಿನ ಮೇಲೆ ಸಿಮ್ಮುಗಳನ್ನಿಟ್ಟುಕೊಂಡು ಕೂರುತ್ತಿದ್ದೆ. ಬಿ.ಕಾಂ. ಓದಿದವಳು ರಸ್ತೆಬದಿ ಕೂರುವುದೇನು ಎಂದು ಮನೆಯಲ್ಲಿ ಗೊಣಗುತ್ತಿದ್ದರು. ನನಗಂತೂ ಅಲ್ಲಿಯೇ ಹಿತವಾಗಿತ್ತು. ಕೆಳಗೆ ಕೆಲಸದವರ ಲೈನ್ ಮನೆಗಳಲ್ಲಿ ಯಾವ ಸಿಗ್ನಲ್ಲೂ ಇಲ್ಲ. ಆ ತಿರುವಿನಲ್ಲಿ ನಮ್ಮ ಕಂಪನಿಯದು ಮಾತ್ರ ಸಿಗುತ್ತಿತ್ತು. ಅದನ್ನೇ ಹೇಳಿ ಮಾರುತ್ತಿದ್ದೆ.

ಎಸ್ಟೇಟಿನ ಜೀಪ್ ಡ್ರೈವರ್ ಪ್ರತಿ ವಾರ ಕಾಲೆಳೆಯುತ್ತಿದ್ದ. "ಏನ್ ಮೇಡಂ, ನಿಮ್ ಟವರ್ರು ಇವತ್ತು ಸಂತೆಗೆ ಹೋಗೈತಾ?"

ಲೈನಿನ ಹೆಂಗಸೊಬ್ಬಳು ನನ್ನ ಹತ್ತಿರ ಸಿಮ್ ತೆಗೆದುಕೊಂಡಿದ್ದಳು. ಅವಳ ಮಗಳು ಆಲೂರಿನ ಕಡೆ ಹಾಸ್ಟೆಲಿನಲ್ಲಿದ್ದಳು. ಭಾನುವಾರ ಮಧ್ಯಾಹ್ನ ಮಾತ್ರ ಮಕ್ಕಳು ಸಾಲಾಗಿ ನಿಂತು ವಾರ್ಡನ್ನರ ಫೋನಿನಲ್ಲಿ ಮನೆಯವರ ಜೊತೆ ಮಾತಾಡಬಹುದಿತ್ತು. ಅಷ್ಟು ಹೊತ್ತಿಗೆ ಆಕೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಮಗಳು ನೋಡುತ್ತಾಳೇನೋ ಎಂಬಂತೆ ಬಂದು ನಿಲ್ಲುತ್ತಿದ್ದಳು.

ಆ ಭಾನುವಾರ ಬೆಳಿಗ್ಗೆ, ಒಂಟಿ ಸಲಗ ಪಕ್ಕದ ಎಸ್ಟೇಟಿಗೆ ದಾಟಿದೆ ಎಂದು ಅರಣ್ಯ ಇಲಾಖೆಯಿಂದ ಫೋನಿಗೆ ಮೆಸೇಜ್ ಬಂದಿತ್ತು. ಮಧ್ಯಾಹ್ನ ಡ್ರೈವರ್ ಬಂದು, ಅದು ಹಿಂದಕ್ಕೆ ತಿರುಗಿದೆಯಂತೆ, ಬೇಗ ಜೀಪ್ ಹತ್ತಿ ಅಂದ. ನಾನು ಛತ್ರಿ ಮಡಚಿ ಜೀಪ್ ಹತ್ತಿದೆ. ಸ್ವಲ್ಪ ದೂರದಲ್ಲಿ ಫೋನ್ ಹಿಡಿದು ನಿಂತಿದ್ದ ಆಕೆ ಬರಲಿಲ್ಲ. ಮಗಳ ಸರದಿ ಈಗಷ್ಟೇ ಬಂದಿತ್ತು.

"ಈಗ್ ಬುಟ್ರೆ ಇನ್ ಮುಂದಿನ್ ವಾರವೇ ಕಣ್ ಮೇಡಮ್ಮ," ಅಂದಳು.

ಕಾಫಿ ಗಿಡಗಳು ಅಲ್ಲಾಡಿದವು. ಸಲಗ ಸದ್ದೇ ಇಲ್ಲದೆ ನಮಗೂ ಆಕೆಗೂ ನಡುವೆ ರಸ್ತೆಗಿಳಿಯಿತು. ನಾನು ಬಾಯಿ ತೆರೆದಾಗ ಡ್ರೈವರ್ ನನ್ನ ತೋಳು ಹಿಡಿದ. ಕೂಗಿದರೆ ರೇಗುತ್ತದೆ ಅಂದ. ಆಕೆಯೂ ಅದನ್ನು ನೋಡಿದ್ದಳು. ಫೋನ್ ಕಿವಿಯಿಂದ ತೆಗೆಯಲಿಲ್ಲ. ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಾ, ಪ್ರತಿ ವಾರದ ದನಿಯಲ್ಲೇ ಹೇಳುತ್ತಿದ್ದಳು: "ಮೊಟ್ಟೆ ಕೊಟ್ರೆ ಬುಡ್‌ಬ್ಯಾಡ, ತಿನ್ನು. ತಲೆಗೆ ಎಣ್ಣೆ ಹಚ್ಕೊ."

ಆಮೇಲೆ ಚರಂಡಿಯ ಅಂಚಿನಲ್ಲಿ ಆಕೆಯ ಕಾಲು ಜಾರಿತು. ಆನೆ ನುಗ್ಗಿತು. ಡ್ರೈವರ್ ಹಾರನ್ ಒತ್ತಿ ಹಿಡಿದು ಜೀಪನ್ನು ಅದರತ್ತಲೇ ನುಗ್ಗಿಸಿದ. ಅದು ತೋಟದೊಳಗೆ ಹೋಯಿತು. ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ನಿದ್ದೆಯಲ್ಲಿ ಆ ಘಟನೆ ಒಮ್ಮೊಮ್ಮೆ ಇಡೀ ಮಧ್ಯಾಹ್ನ ನಡೆಯುತ್ತದೆ.

ನಾವು ಓಡಿಹೋದಾಗ ಆಕೆ ಉಸಿರಾಡುತ್ತಿದ್ದಳು. ಹುಲ್ಲಿನ ಮೇಲೆ ಬಿದ್ದ ಫೋನಿನಿಂದ "ಅವ್ವಾ, ಕೇಳ್ತಿಲ್ಲ" ಎಂದು ಸಣ್ಣ ದನಿ ಬರುತ್ತಿತ್ತು. ನಾನು ಎತ್ತಿಕೊಂಡೆ. ಅಂಗಡಿಯಲ್ಲಿ ದಿನವೂ ಗಿರಾಕಿಗಳಿಗೆ ಹೇಳುವ ಮಾತೇ ಬಾಯಿಗೆ ಬಂತು.

"ಸಿಗ್ನಲ್ ಸರಿಯಿಲ್ಲ ಪುಟ್ಟಿ. ಆಮೇಲೆ ಮಾಡ್ತಾರೆ." ಕಟ್ ಮಾಡಿದೆ.

ಜೀಪು ಸಕಲೇಶಪುರ ಮುಟ್ಟುವ ಮೊದಲೇ ಆಕೆ ಹೋಗಿದ್ದಳು.

ತಿಥಿ ಮುಗಿದ ಮೇಲೆ ಆ ಹುಡುಗಿ ಸೋದರಮಾವನ ಜೊತೆ ಅಂಗಡಿಗೆ ಬಂದಳು. ಅವ್ವನ ನಂಬರು ಬಂದ್ ಆಗಬಾರದು, ಮಾವನ ಹೆಸರಿಗೆ ಮಾಡಿಕೊಡಿ ಎಂದು ಕೇಳಲು ಬಂದಿದ್ದರು. ಯಾವ ಯಾವ ಕಾಗದ ಬೇಕೆಂದು ನಾನು ಹೇಳುತ್ತಿದ್ದಂತೆ ಅವಳು ತಲೆಯೆತ್ತಿ ನನ್ನನ್ನೇ ನೋಡತೊಡಗಿದಳು.

"ಅವತ್ತು ಮಾತಾಡಿದ್ದು ನೀವೇ ಅಲ್ವಾ ಅಕ್ಕ?"

ಹೌದು ಅಂದೆ.

"ಅವಾಗ ಅವ್ವ ಉಸಿರಾಡ್ತಿತ್ತಾ?"

ಸುಳ್ಳು ಹೇಳಲಾಗಲಿಲ್ಲ. ತಲೆಯಾಡಿಸಿದೆ.

"ಫೋನ್ ಅವ್ವನ ಕಿವಿಗೆ ಹಿಡೀಬೇಕಿತ್ತು ಅಕ್ಕ," ಅಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಮಾವ ಸುಮ್ಮನಿರು ಎನ್ನುವಂತೆ ಅವಳ ಭುಜ ಮುಟ್ಟಿದ.

ಈಗ ಕಣ್ಣು ಮುಚ್ಚಿದರೆ ಸಲಗಕ್ಕಿಂತ ಮೊದಲು ನನಗೆ ಕಾಣುವುದು ಹುಲ್ಲಿನ ಮೇಲೆ ಮಾತಾಡುತ್ತಿದ್ದ ಆ ಫೋನು. ಆಕೆಯ ಕಿವಿಗೂ ಅದಕ್ಕೂ ಒಂದು ಮೊಳವೂ ಇರಲಿಲ್ಲ.