ಕೋಲ್ಡ್ ಮೇಸ್ತ್ರಿ ಕಟ್ಟಿದ ಬೆಚ್ಚನೆಯ ಕೋಣೆ

ಮೂವತ್ತೊಂದು ವರ್ಷ ಶೀತಗೃಹದಲ್ಲಿ ದುಡಿದ ಅವರನ್ನು ಬೀದಿಯವರೆಲ್ಲ ಕೋಲ್ಡ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹಣ್ಣು ತರಕಾರಿ ಕೆಡದಂತೆ ಕಾಯುವ ಆ ದೊಡ್ಡ ಕೋಣೆಗಳಿಗೆ ಗೋಡೆ ಹೊದಿಸುವುದೇ ಅವರ ಕಸುಬು. ಮೇಸ್ತ್ರಿಯ ಕೈ ಬಿದ್ದ ಗೋಡೆ ದಾಟಿ ಚಳಿ ಮಿಸುಕಾಡದು ಎಂದು ಜೊತೆಯವರು ಹೊಗಳುತ್ತಿದ್ದರು.

ನಿವೃತ್ತರಾದ ಮೇಲೆ ಅವರ ಹೆಂಡತಿಯ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಒಂದು ತಿಂಗಳು ಕಳೆದ ಮೇಲೆ ಡಾಕ್ಟರು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದರು. "ಇನ್ನು ಔಷಧಿಯಿಂದ ಹೆಚ್ಚೇನೂ ಆಗಲ್ಲ. ಮನೆಗೆ ಕರ್ಕೊಂಡು ಹೋಗಿ. ಮೆಟ್ಟಿಲು ಹತ್ತಿಸ್ಬೇಡಿ. ಚಳಿ, ತೇವ ಎರಡೂ ತಾಗಬಾರದು."

ಮನೆ ಇದ್ದದ್ದು ಮಹಡಿಯಲ್ಲಿ. ಕೆಳಗೆ ಇದ್ದದ್ದು ಕಾರಿನ ಗ್ಯಾರೇಜು ಒಂದೇ. ಚಳಿಗಾಲದಲ್ಲಿ ಅಲ್ಲಿ ಬಕೆಟ್ಟಿನ ನೀರು ಕೂಡ ಕೈ ಕೊರೆಯುವಷ್ಟು ತಣ್ಣಗಾಗುತ್ತಿತ್ತು.

"ಹದಿನೈದು ದಿನ ತಡ್ಕೋ. ಗ್ಯಾರೇಜನ್ನೇ ಕೋಣೆ ಮಾಡ್ತೀನಿ," ಎಂದರು ಮೇಸ್ತ್ರಿ ಹೆಂಡತಿಗೆ.

"ನನ್ನನ್ನೇನು ಬಟಾಣಿ ಮೂಟೆ ಅಂದ್ಕೊಂಡ್ರಾ, ಗೋಡೆಗೆ ಒರಗಿಸಿ ಪೇರಿಸೋಕೆ?" ಎಂದು ಆಕೆ ನಕ್ಕು, ಕೆಮ್ಮಿ, ಸುಧಾರಿಸಿಕೊಂಡು ಮೆಲ್ಲಗೆ ಹೇಳಿದರು, "ಬೇಗ ಮಾಡಿ ರೀ. ಇಲ್ಲಿ ನಿದ್ದೆ ಹತ್ತಲ್ಲ."

ಮರುದಿನವೇ ಕಾರು ಬೀದಿಗೆ ಬಂತು. ಹೆಂಡತಿಯ ತಮ್ಮ ಸಹಾಯಕ್ಕೆ ನಿಂತ.

"ಭಾವ, ಯಾರನ್ನಾದ್ರೂ ಒಂದು ಮಾತು ಕೇಳೋಣ್ವಾ?"

"ಗೋಡೆ ಹೊದಿಸೋದನ್ನ ನನಗೆ ಇನ್ನೊಬ್ಬ ಹೇಳಿಕೊಡ್ಬೇಕಾ? ಮೊಳೆ ಕೊಡಯ್ಯ."

ಗೋಡೆಗೆ ಅಂಟಿದಂತೆ ತೇವ ತಡೆಯುವ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಚಳಿ ತಡೆಯುವ ಗಾಜಿನ ಉಣ್ಣೆ, ಕೊನೆಗೆ ಪ್ಲೈವುಡ್ಡು. ಎಲ್ಲಿಯೂ ಒಂದು ಕೂದಲೆಳೆಯಷ್ಟು ಸಂದಿಲ್ಲ. ಎಂಟು ದಿನಗಳಲ್ಲಿ ಕೆಲಸ ಮುಗಿಯಿತು. ಮಿಕ್ಕ ವಾರ ಹೀಟರು ಹಾಕಿ, ಹೆಂಡತಿಗೆ ಬೇಕಾಗುವ ಹಬೆಯ ಪಾತ್ರೆಯನ್ನೂ ಕುದಿಸಿ, ಮೇಸ್ತ್ರಿ ತಾವೇ ಅಲ್ಲಿ ಮಲಗಿ ನೋಡಿದರು. ಕೋಣೆ ಹಿತವಾಗಿತ್ತು.

ಕರೆತರುವ ದಿನ ಬೆಳಗ್ಗೆ ಮೂಗಿಗೆ ಮುಗ್ಗಲು ವಾಸನೆ ಬಡಿಯಿತು. ಒಂದು ಹಲಗೆ ಕಿತ್ತರು. ಉಣ್ಣೆಯೆಲ್ಲ ನೆಲ ಒರೆಸಿದ ಬಟ್ಟೆಯಂತೆ ತೊಯ್ದು, ಬುಡದಲ್ಲಿ ಕಪ್ಪಗೆ ಬೂಷ್ಟು ಹಿಡಿದಿತ್ತು.

ಮೇಸ್ತ್ರಿ ಉಣ್ಣೆಯ ಹಿಂದೆ ಕೈ ತೂರಿಸಿ ಹಾಳೆ ಮುಟ್ಟಿದರು; ಅದರ ಮೇಲೆಲ್ಲ ನೀರ ಹನಿ. ತಪ್ಪು ಅವರಿಗೆ ಒಡನೆಯೇ ತಿಳಿಯಿತು. ಶೀತಗೃಹದಲ್ಲಿ ಬಿಸಿ ಗಾಳಿ ಹೊರಗಿರುತ್ತದೆ, ಆದ್ದರಿಂದ ಹಾಳೆಯೂ ಹೊರಬದಿಗೆ. ಇಲ್ಲಿ ಬೆಚ್ಚಗಿರುವುದು ಒಳಗೆ. ಹಾಳೆ ಒಳಬದಿಗೆ, ಪ್ಲೈವುಡ್ಡಿನ ಬೆನ್ನಿಗೆ ಇರಬೇಕಿತ್ತು. ಒಳಗಿನ ಹಬೆ ಉಣ್ಣೆಯನ್ನು ಹೊಕ್ಕು, ತಣ್ಣನೆಯ ಹಾಳೆಗೆ ತಾಗಿ ನೀರಾಗಿತ್ತು. ಯೋಚಿಸುವುದಕ್ಕೆ ಮೊದಲೇ ಕೈ ತನ್ನ ಹಳೆಯ ಕೆಲಸ ಮಾಡಿ ಮುಗಿಸಿತ್ತು.

ಎಲ್ಲವನ್ನೂ ಕಿತ್ತು, ಗೋಡೆ ಒಣಗಿಸಿ, ಮತ್ತೆ ಹೊದಿಸಲು ಇಪ್ಪತ್ತೊಂದು ದಿನ ಹಿಡಿಯಿತು. ಪ್ರತಿ ಸಂಜೆ ಆಸ್ಪತ್ರೆಯಲ್ಲಿ ಆಕೆ, "ಒಣಗಿತಾ?" ಎಂದು ಕೇಳುತ್ತಿದ್ದರು. ಬರಬರುತ್ತಾ ಕೇಳಲು ಉಸಿರು ಸಾಲದೆ ಹುಬ್ಬು ಮಾತ್ರ ಏರಿಸುತ್ತಿದ್ದರು.

ಕೊನೆಗೂ ಬಂದರು. ಹೊಸ ಕೋಣೆಯಲ್ಲಿ ಹನ್ನೊಂದು ದಿನ ಇದ್ದರು. ಮೊದಲ ದಿನವೇ ಮಧ್ಯಾಹ್ನದಿಂದ ಸಂಜೆಯವರೆಗೆ ಮಗುವಿನಂತೆ ನಿದ್ದೆ ಮಾಡಿದರು. ಹನ್ನೆರಡನೆಯ ಬೆಳಗ್ಗೆ ಏಳಲಿಲ್ಲ.

ಬಂದವರೆಲ್ಲ ಹೋದ ಮೇಲೆ ಆಕೆಯ ತಮ್ಮ ಬಂದು ಮೇಸ್ತ್ರಿಯ ಪಕ್ಕ ಕುಳಿತ. "ಭಾವ, ಕೊನೆಗಾಲಕ್ಕೆ ಅಕ್ಕ ಬೆಚ್ಚಗಿದ್ದಳು. ಅಷ್ಟು ಸಾಕು ಅಂದ್ಕೊಳ್ಳಿ."

"ಇದ್ದಳಪ್ಪ," ಎಂದರು ಮೇಸ್ತ್ರಿ. ಗೋಡೆಯ ಹಲಗೆಯ ಮೇಲೆ ಕೈಯಾಡಿಸುತ್ತಾ ಹೇಳಿದರು, "ಆ ಇಪ್ಪತ್ತೊಂದೂ ಸೇರಿ ಮೂವತ್ತೆರಡು ದಿನ ಇರಬೇಕಾಗಿತ್ತು."