ಗಾಜಿನ ಅಂಚಿನಲ್ಲಿದ್ದ ಹೆಸರು

ಕಳೆದ ಭಾನುವಾರ ತಂಗಿಯ ಮಗಳು ಹಳೆಯ ಪೇಪರ್ ನೆನೆಸಿ ಕಿಟಕಿಯ ಗಾಜು ಉಜ್ಜುತ್ತಿದ್ದಳು. ಬಟ್ಟೆಗಿಂತ ಪೇಪರೇ ಒಳ್ಳೆಯದು, ಗೀರು ಬೀಳುವುದಿಲ್ಲ ಎಂದು ಫೋನಿನಲ್ಲಿ ಯಾರೋ ತೋರಿಸಿದ್ದರಂತೆ. ಒದ್ದೆ ಪೇಪರಿನ ವಾಸನೆ ಮನೆಯೆಲ್ಲ ಹರಡಿತು... ಮಸಿಯದ್ದೋ ಕಾಗದದ್ದೋ ಹೇಳಲಾಗದ ಒಂದು ಹಸಿ ವಾಸನೆ. ಅಡುಗೆಮನೆಯಿಂದಲೇ "ಸಾಕು ಬಿಡೇ" ಎಂದು ಗದರಿಬಿಟ್ಟೆ. ಪಾಪ, ಏನು ತಪ್ಪು ಮಾಡಿದೆನೆಂದು ಅವಳಿಗೆ ತಿಳಿಯಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು, ಗದರುವುದು ರಕ್ತಕ್ಕೇ ಇಳಿದಿದೆ. ಅವಳಿಗೆ ಕಾಫಿ ಮಾಡಿಕೊಟ್ಟು ಸಮಾಧಾನ ಮಾಡಿದೆ. ನನಗೆ ಸಮಾಧಾನವಾಗಲಿಲ್ಲ.

ಚಿಂತಾಮಣಿಯಲ್ಲಿ ಕೆಲಸದಲ್ಲಿದ್ದಾಗ ನಾನು ಬಾಡಿಗೆಗಿದ್ದದ್ದು ಒಂದು ಫ್ರೇಮ್ ಅಂಗಡಿಯ ಮೇಲಿನ ಮನೆಯಲ್ಲಿ. ದೇವರ ಪಟ, ಮದುವೆಯ ಫೋಟೋ, ತೀರಿಕೊಂಡವರ ಫೋಟೋ, ಎಲ್ಲಕ್ಕೂ ಅಲ್ಲಿ ಕಟ್ಟು ಹಾಕಿಕೊಡುತ್ತಿದ್ದರು. ಅಂಗಡಿಯವರಿಗೆ ಎಪ್ಪತ್ತು ದಾಟಿತ್ತು. ಶಾಲೆಯ ಮಕ್ಕಳು ಅವರನ್ನು ಫ್ರೇಮ್ ತಾತ ಎನ್ನುತ್ತಿದ್ದರು, ನಾನೂ ತಾತ ಎಂದೇ ಕರೆದೆ. ಅವರಿಗೆ ನಾನು ಟೀಚರಮ್ಮ. ಸಂಜೆ ಮೆಟ್ಟಿಲು ಹತ್ತುವ ಮೊದಲು ಅವರ ಸ್ಟೂಲಿನ ಮೇಲೆ ಕೂತು ಅರ್ಧ ಗಂಟೆ ಹರಟದಿದ್ದರೆ ನನಗೆ ಅನ್ನ ಸೇರುತ್ತಿರಲಿಲ್ಲ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಎರಡನ್ನೂ ಕಲಸಿಕೊಂಡು ಮಾತಾಡುತ್ತಿದ್ದರು. ಓದು ಬರಹ ಮಾತ್ರ ಎರಡರಲ್ಲೂ ಇಲ್ಲ. ಫೋಟೋದ ಕೆಳಗೆ ಹೆಸರು ಹಾಕಬೇಕಾದಾಗ ನನ್ನ ಅಕ್ಷರವನ್ನು ಬಾಯ್ತುಂಬ ಹೊಗಳಿ ಹೊಗಳಿಯೇ ಬರೆಸಿಕೊಳ್ಳುತ್ತಿದ್ದರು.

ಅವರು ಗಾಜು ಒರೆಸುವುದನ್ನು ನೋಡುವುದೇ ಒಂದು ಚಂದ. ಹಾ ಎಂದು ಬಾಯಿಯ ಆವಿ ಬಿಟ್ಟು ಒದ್ದೆ ಪೇಪರಿನಲ್ಲಿ ಒಂದು ಸುತ್ತು, ಒಣ ಪೇಪರಿನಲ್ಲಿ ಒಂದು ಸುತ್ತು. ತಟ್ಟನೆ ಗಾಜು ತಿರುಗಿಸಿ ಹಿಂಭಾಗಕ್ಕೂ ಅದೇ. ಐವತ್ತು ವರ್ಷ ಮಾಡಿದ ಕೆಲಸ. ಕಣ್ಣು ರಸ್ತೆಯ ಮೇಲೆ, ಬಾಯಿ ನನ್ನ ಜೊತೆ, ಕೈ ಅದರ ಪಾಡಿಗೆ ಗಾಜಿನ ಮೇಲೆ.

ಅವರು ಕೂರುವ ಜಾಗದ ಹಿಂದಿನ ಗೋಡೆಯಲ್ಲಿ ರಾಮ ಪಟ್ಟಾಭಿಷೇಕದ ಒಂದು ಗಾಜಿನ ಚಿತ್ರವಿತ್ತು. ಅವರ ತಂದೆ, ಅವರ ಬಾಯಲ್ಲಿ ನಾಯನ, ಬರೆದದ್ದು. ಕಾಗದದ ಮೇಲೆ ಬರೆದು ಗಾಜು ಹಾಕಿದ ಚಿತ್ರವಲ್ಲ ಅದು. ಗಾಜಿನ ಬೆನ್ನ ಮೇಲೆಯೇ ಬಣ್ಣ ಹಾಕುತ್ತಾರೆ, ಮುಂದಿನಿಂದ ನೋಡುತ್ತಾರೆ. ಬಣ್ಣಕ್ಕೆ ಗೋಂದು ಕಲಸಿರುವುದರಿಂದ ನೀರು ತಾಕಿದರೆ ಕರಗಿಹೋಗುತ್ತದೆ. ಇಷ್ಟೂ ನನಗೆ ಹೇಳಿಕೊಟ್ಟವರು ತಾತನೇ. ತಂದೆ ಇಂಥ ಚಿತ್ರಗಳನ್ನು ಹುಲ್ಲಿನಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ಕೆಂಚಾರ್ಲಹಳ್ಳಿ, ಸಾದಲಿಯವರೆಗೂ ನಡೆದು ಮಾರಿ ಬರುತ್ತಿದ್ದರಂತೆ. ಉಳಿದದ್ದು ಇದೊಂದೇ. ಇದಕ್ಕೆ ತಾತ ಕೋಳಿಪುಕ್ಕದಲ್ಲಿ ಧೂಳು ಹೊಡೆಯುತ್ತಿದ್ದರೇ ಹೊರತು ಬಟ್ಟೆ ಕೂಡ ಸೋಕಿಸುತ್ತಿರಲಿಲ್ಲ.

ಬೆಂಗಳೂರಿನ ಒಂದು ಮ್ಯೂಸಿಯಮ್ಮಿನ ಅಧಿಕಾರಿ, ಒಬ್ಬ ಮೇಡಂ, ಹಳೆಯ ಚಿತ್ರಗಳನ್ನು ಹುಡುಕಿಕೊಂಡು ಗೌರಿಬಿದನೂರು, ಶಿಡ್ಲಘಟ್ಟ ಎಲ್ಲ ಸುತ್ತಿ ನಮ್ಮ ಬೀದಿಗೂ ಬಂದರು. ಕೆಳಗಿನ ಹಾಲಿನಲ್ಲಿ ಹಿಂದಿನವರ ಚಿತ್ರ, ಮೇಲಿನ ಹಾಲಿನಲ್ಲಿ ಈಗಿನ ಕಲಾವಿದರ ಕೆಲಸ, ಹೀಗೆ ಎರಡು ಪ್ರದರ್ಶನ ಒಟ್ಟಿಗೆ ನಡೆಯುವುದಿತ್ತು. ಪಟ್ಟಾಭಿಷೇಕವನ್ನು ಅವರು ಹತ್ತಿರ ಹೋಗಿ ಬಗ್ಗಿ ಬಗ್ಗಿ ನೋಡಿದರು. ಆಮೇಲೆ ಬರೆದವರು ಯಾರು ಎಂದು ಕೇಳಿದರು. ತಾತ ತಂದೆಯ ಹೆಸರು ಹೇಳಿದರು. ಬಾಯಿಮಾತಿನ ಮೇಲೆ ಗೋಡೆಗೆ ಹೆಸರು ಹಾಕುವುದಕ್ಕೆ ಬರುವುದಿಲ್ಲ, ಏನಾದರೂ ಗುರುತು ಬೇಕು ಎಂದರು ಮೇಡಂ. ತಾತನ ಮುಖ ಅರಳಿತು. ಗುರುತು ಇತ್ತು. ದೇವರ ಪಾದದ ಹತ್ತಿರ ತನ್ನ ಹೆಸರು ಕಾಣಬಾರದೆಂದು ತಂದೆ ಗಾಜಿನ ತೀರ ಕೆಳಗಿನ ಅಂಚಿನಲ್ಲಿ, ಕಟ್ಟಿನ ಮರದೊಳಗೆ ಮರೆಯಾಗುವಂತೆ ಹೆಸರು ಬರೆದಿದ್ದರು. ತಾತ ಚಿಕ್ಕವರಿದ್ದಾಗ ಬೆರಳಿಟ್ಟು ತೋರಿಸಿದ್ದರಂತೆ. ಹಾಗಾದರೆ ಕಟ್ಟು ಬಿಚ್ಚಿಡಿ, ಎರಡು ದಿನ ಬಿಟ್ಟು ವ್ಯಾನ್ ತರುತ್ತೇನೆ, ಹೆಸರಿದ್ದರೆ ಖಂಡಿತ ಹಾಕುತ್ತೇನೆ ಎಂದು ಹೇಳಿ ಮೇಡಂ ಹೊರಟರು.

ಮಾರನೆಯ ದಿನ ನಾನು ಶಾಲೆಯಿಂದ ಬರುವುದನ್ನೇ ತಾತ ಕಾಯುತ್ತಿದ್ದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಮೊಳೆ ಕಿತ್ತು, ಹುಳ ತಿಂದ ಹಲಗೆ ತೆಗೆದು, ಗಾಜನ್ನು ಮೇಜಿನ ಮೇಲೆ ಮಲಗಿಸಿದರು. ಮರದೊಳಗಿದ್ದ ಅಂಚಿಗೆ ಎಷ್ಟೋ ವರ್ಷದ ಕೊಳೆ ಮೆತ್ತಿತ್ತು. ಅದರಡಿ ಕಪ್ಪಗೆ ಏನೋ ಒಂದು ಸಾಲು.

"ನಾನು ಓದಿದೋನಲ್ಲ ಟೀಚರಮ್ಮ. ಅರವತ್ತು ವರ್ಷದಿಂದ ಇಲ್ಲೇ ಐತೆ ನಮ್ ನಾಯನ ಹೆಸ್ರು. ಒಂದ್ಸಲ ಓದಿ ಹೇಳಿ, ಕೇಳಿಸ್ಕೊಂತೀನಿ," ಎಂದರು.

ಕನ್ನಡಕ ಬ್ಯಾಗಿನಲ್ಲಿತ್ತು. ಕಾಪಿ ಪುಸ್ತಕಗಳ ನಡುವೆ ಕೈ ಹಾಕಿ ತಡಕಾಡಿದೆ. ತಡಕಾಡುತ್ತಲೇ, ಇನ್ನೇನು ತಾತ, ನಿಮ್ಮ ನಾಯನ ಬೆಂಗಳೂರಿನ ಗೋಡೆ ಹತ್ತುತ್ತಾರೆ, ನಮ್ಮನ್ನೆಲ್ಲ ಮಾತಾಡಿಸುತ್ತೀರೋ ಇಲ್ಲವೋ ಎಂದು ರೇಗಿಸಿದೆ. ಅವರು ನಕ್ಕರು. ನನಗೆ ಚೆನ್ನಾಗಿ ಕಾಣಲೆಂದು ಅಂಚಿನ ಮೇಲೆ ಹಾ ಎಂದು ಆವಿ ಬಿಟ್ಟು ಒದ್ದೆ ಪೇಪರಿನಲ್ಲಿ ಕೊಳೆ ಒರೆಸಿದರು. ನಗುನಗುತ್ತಲೇ ಗಾಜು ತಿರುಗಿಸಿ ಹಿಂಭಾಗವನ್ನೂ ಒರೆಸಿದರು.

ಕನ್ನಡಕ ಹಾಕಿಕೊಂಡು ಬಗ್ಗಿದಾಗ ಅಂಚು ಸ್ವಚ್ಛವಾಗಿತ್ತು. ಆಚೆಗೆ ಮೇಜಿನ ಮರ ಕಾಣುತ್ತಿತ್ತು. ಚಿತ್ರಕ್ಕೆ ಏನೂ ಆಗಿರಲಿಲ್ಲ, ರಾಮ, ಸೀತೆ, ಹನುಮಂತ ಎಲ್ಲ ಇದ್ದಹಾಗೇ ಇದ್ದರು. ಆ ಎರಡು ಬೆರಳಗಲದ ಅಂಚು ಮಾತ್ರ... ಅಲ್ಲಿಯವರೆಗೆ ನಾನು ಅವರನ್ನು ತಡೆಯಲಿಲ್ಲ. ತಡೆಯಬೇಕೆಂದು ತೋಚಲೇ ಇಲ್ಲ. ಅವರು ಹಾಗೆ ಒರೆಸುವುದನ್ನು ದಿನಾ ನೋಡಿದ್ದೆನಲ್ಲ.

ತಾತ ಕೂಗಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ. ಕೈಯಲ್ಲಿದ್ದ ಪೇಪರಿನ ಉಂಡೆಯನ್ನು ಹರಿಯದಂತೆ ನಿಧಾನವಾಗಿ ಬಿಡಿಸಿ ಮೇಜಿನ ಮೇಲೆ ಹಾಸಿದರು. ಅಚ್ಚಿನ ಅಕ್ಷರಗಳ ಮೇಲೆ ಕಪ್ಪಗೆ ಒಂದು ಕಲೆ. ಅದನ್ನು ನನ್ನ ಕಡೆ ಸರಿಸಿ ಕೇಳಿದರು, "ಇದ್ರಲ್ಲೇನಾದ್ರೂ ಕಾಣಿಸ್ತೈತಾ ಟೀಚರಮ್ಮ?"

ಪೇಪರನ್ನು ದೀಪದ ಬೆಳಕಿಗೆ ಹಿಡಿದು ನೋಡಿದೆ. ಏನೂ ಕಾಣುವುದಿಲ್ಲ ತಾತ ಎಂದೆ.

ಮೇಡಂ ಬಂದಾಗ ತಾತ ನಡೆದದ್ದನ್ನು ನಡೆದಂತೆ ಹೇಳಿದರು. ಆಕೆ ಕೆಟ್ಟವರಲ್ಲ, ಕಣ್ಣಲ್ಲಿ ನೀರು ತಂದುಕೊಂಡರು. ಒಂದು ದಾರಿಯನ್ನೂ ಅವರೇ ಹುಡುಕಿದರು. ಅಳಿಸುವ ಮೊದಲು ಹೊರಗಿನವರೊಬ್ಬರು ಹೆಸರನ್ನು ಓದಿದ್ದರೆ, ಹಾಗೆಂದು ಬರೆದು ಸಹಿ ಮಾಡಿದರೆ ಸಾಕು. ನನ್ನ ಕಡೆ ತಿರುಗಿ ಕೇಳಿದರು, "ನೀವು ಅಲ್ಲೇ ಇದ್ರಂತಲ್ಲ ಟೀಚರ್. ಓದಿದ್ರಾ?"

ತಾತ ನನ್ನನ್ನೇ ನೋಡುತ್ತಿದ್ದರು.

ಕಾಪಿ ಹೊಡೆದ ಮಕ್ಕಳನ್ನು ಬಾಗಿಲಾಚೆ ನಿಲ್ಲಿಸಿದವಳು ನಾನು. ಕಣ್ಣಾರೆ ಕಾಣದ್ದನ್ನು ಹೇಳಬಾರದೆಂದು ವರ್ಷಗಟ್ಟಲೆ ಉಪದೇಶ ಮಾಡಿದವಳು. ಆ ಅಭ್ಯಾಸವೇ ಬಾಯಿಗೆ ಬಂತು. "ಇಲ್ಲ, ಕನ್ನಡಕ ಹಾಕ್ಕೊಳ್ಳೋ ಅಷ್ಟ್ರಲ್ಲಿ ಅಳಿಸಿಹೋಗಿತ್ತು," ಎಂದೆ.

ಹೂಂ ಎಂದಿದ್ದರೆ ಯಾರ ಗಂಟು ಹೋಗುತ್ತಿತ್ತು? ಆ ಹೆಸರನ್ನು ತಾತ ನನಗೆ ಎಷ್ಟೋ ಸಲ ಹೇಳಿದ್ದರು, ಈಗಲೂ ನೆನಪಿದೆ. ಅಲ್ಲಿ ಹೇಳದೆ ಬಾಯಿ ಮುಚ್ಚಿಕೊಂಡವಳಿಗೆ ಈಗ ಅದನ್ನು ಇಲ್ಲಿ ಬರೆಯುವ ಮುಖವಿಲ್ಲ.

ತಾತ ಆದರೂ ಚಿತ್ರ ಕೊಟ್ಟರು. ಪ್ರದರ್ಶನಕ್ಕೆ ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಅವರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿದ್ದರು. ಕೆಳಗಿನ ಹಾಲಿನಲ್ಲಿ ಪಟ್ಟಾಭಿಷೇಕಕ್ಕೆ ಮೇಲಿನಿಂದ ಹಳದಿ ದೀಪ ಬಿಟ್ಟಿದ್ದರು, ಅದು ಅಷ್ಟು ಚೆನ್ನಾಗಿದೆ ಎಂದು ನನಗೇ ಗೊತ್ತಿರಲಿಲ್ಲ. ಪಕ್ಕದ ಚೀಟಿ ಓದಿ ಎಂದರು. ಅಜ್ಞಾತ ಕಲಾವಿದ ಎಂದು ಓದಿದೆ. ಹಾಗಂದರೇನು ಎಂದರು. ಯಾರು ಬರೆದರೋ ಗೊತ್ತಿಲ್ಲ ಅಂತ ತಾತ ಎಂದೆ.

ತಾತ ಚೀಟಿಯ ಅಕ್ಷರಗಳ ಮೇಲೆ ಬೆರಳಾಡಿಸಿದರು. "ನಂಗೊತ್ತಲ್ಲಮ್ಮಾ," ಎಂದರು.

ಮೇಲಿನ ಹಾಲಿನಲ್ಲಿ ಗೋಣಿಚೀಲ ನೇತುಹಾಕಿದ್ದವರು, ಮುರಿದ ಕುರ್ಚಿ ಜೋಡಿಸಿದ್ದವರು, ಬರೀ ನೀಲಿ ಬಣ್ಣ ಬಳಿದಿದ್ದವರು ಎಲ್ಲ ಇದ್ದರು. ಪ್ರತಿಯೊಂದರ ಪಕ್ಕದಲ್ಲೂ ದೊಡ್ಡ ಅಕ್ಷರದಲ್ಲಿ ಹೆಸರು, ಹುಟ್ಟಿದ ಊರು, ಒಂದು ಫೋಟೋ. ತಾತ ಆ ಕೆಲಸಗಳನ್ನು ನೋಡಲಿಲ್ಲ. ಒಂದೊಂದರ ಮುಂದೆಯೂ ನಿಂತು ಹೆಸರು ಓದಿಸಿದರು. ಹದಿನಾಲ್ಕೋ ಹದಿನೈದೋ ಹೆಸರು. ನಾನು ಶಿಕ್ಷೆಗೆ ನಿಂತ ಮಗುವಿನ ಹಾಗೆ ಎಲ್ಲವನ್ನೂ ಓದಿದೆ.

ಚಿತ್ರವನ್ನು ಅವರು ವಾಪಸು ತರಿಸಿಕೊಳ್ಳಲಿಲ್ಲ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಅದೇ ಸ್ಟೂಲು, ಅದೇ ಹರಟೆ. ಆದರೆ ಗಾಜು ಒರೆಸುವಾಗ ಕೈ ನಡುವೆ ನಿಂತುಬಿಡುತ್ತಿತ್ತು. "ಈ ಕಡೆ ಒರೆಸ್ಬೋದಾಮ್ಮಾ?" ಎಂದು ನನ್ನನ್ನು ಕೇಳುತ್ತಿದ್ದರು, ಪೇಟೆಯಿಂದ ಆಗಷ್ಟೇ ತಂದ ಹೊಸ ಗಾಜಿಗೂ. ವರ್ಷದೊಳಗೆ ಬಾಗಿಲು ಹಾಕಿದರು. ನನಗೆ ಗೌರಿಬಿದನೂರಿಗೆ ವರ್ಗವಾಯಿತು. ಅವರು ಹೋದ ಸುದ್ದಿ ಮೂರು ತಿಂಗಳು ತಡವಾಗಿ ತಲುಪಿತು...

ಇದೆಲ್ಲ ಆಗಿ ಇಪ್ಪತ್ತು ವರ್ಷವಾಗುತ್ತ ಬಂತು. ಒದ್ದೆ ಪೇಪರಿನ ವಾಸನೆ ಬಂದ ಆ ಭಾನುವಾರ ರಾತ್ರಿಯೇ ತೀರ್ಮಾನ ಮಾಡಿ, ಬುಧವಾರ ನಾನೀಗಿರುವ ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ಬಸ್ಸು ಹತ್ತಿದೆ. ಮ್ಯೂಸಿಯಮ್ಮಿನಲ್ಲಿ ಈಗ ಬೇರೆ ಅಧಿಕಾರಿ, ನನ್ನ ಶಿಷ್ಯನ ವಯಸ್ಸಿನವನು. ಪಟ್ಟಾಭಿಷೇಕ ಅದೇ ಹಾಲಿನಲ್ಲಿದೆ, ಅದೇ ಚೀಟಿಯೊಂದಿಗೆ. ಆ ಹೆಸರನ್ನು ನಾನು ಓದಿದ್ದೇನೆ, ಅಂದು ಭಯಕ್ಕೆ ಇಲ್ಲ ಅಂದೆ ಎಂದೆ. ಜನ್ಮದಲ್ಲಿ ಮೊದಲ ಸಲ ಅಷ್ಟು ದೊಡ್ಡ ಸುಳ್ಳನ್ನು ಒಂದು ಚೂರೂ ತಡವರಿಸದೆ ಹೇಳಿದೆ. ಅವನು ನಂಬಿದ. ಕೂರಿಸಿ, ನೀರು ಕೊಟ್ಟು, ಒಂದು ನಮೂನೆ ತೆಗೆದ. ನಾನು ಹೇಳಿದ ಹೆಸರನ್ನು ನನ್ನ ಕಣ್ಣೆದುರಿಗೇ ಬರೆದುಕೊಂಡ. ಎದೆ ಹಗುರಾಯಿತು.

"ಇನ್ನೊಂದು ಮಾತಮ್ಮಾ. ಗಾಜಿನ ಮೇಲೆ ಕನ್ನಡದಲ್ಲಿ ಬರೆದಿತ್ತೋ, ತೆಲುಗಿನಲ್ಲೋ?"

ಎರಡರಲ್ಲಿ ಒಂದು ಹೇಳಿದ್ದರೆ ಮುಗಿಯುತ್ತಿತ್ತು. ತಾತನ ಮನೆಮಾತು ತೆಲುಗು, ಊರಿನ ಶಾಲೆ ಕನ್ನಡದ್ದು, ತಂದೆ ಯಾವುದರಲ್ಲಿ ಬರೆದಿದ್ದರೋ. ತಾತನಿಗೂ ಗೊತ್ತಿರಲಿಲ್ಲ. ನೆನಪಿಗೆ ಬರುತ್ತಿಲ್ಲ ಎಂದೆ. ಹುಡುಗ ಒಳ್ಳೆಯವನು, ಅವಸರ ಮಾಡಲಿಲ್ಲ. ನಮೂನೆಯನ್ನು ಅರ್ಧಕ್ಕೇ ಬಿಟ್ಟು ಫೈಲಿನಲ್ಲಿಟ್ಟ.

"ಪರವಾಗಿಲ್ಲಮ್ಮಾ, ನೆನಪಾದಾಗ ಬನ್ನಿ," ಎಂದು ಬಾಗಿಲವರೆಗೂ ಬಂದು ಕಳಿಸಿಕೊಟ್ಟ.

ನೆನಪಾಗುವುದಕ್ಕೆ ನಾನು ಅದನ್ನು ನೋಡಿರಬೇಕಲ್ಲ.